ಯಂತ್ರ ಬದುಕಿದೆ, ದುಭಾಷಿ ಇಲ್ಲ

ನಮ್ಮ ಖಾಲಾ ಅವರ ಮನೆಯ ಅಲಮಾರಿನ ಮೇಲೆ ತಗಡಿನ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಚಿಕ್ಕಂದಿನಲ್ಲಿ ಅದರೊಳಗೆ ಬಿಸ್ಕತ್ತು ಇದೆಯೆಂದು ನಂಬಿ ಎಷ್ಟೋ ಸಲ ಮೋಸ ಹೋಗಿದ್ದೇವೆ. ಒಳಗಿದ್ದದ್ದು ಸೂಜಿ, ದಾರ, ಹಳೆಯ ರೇಷನ್ ಕಾರ್ಡು ಮತ್ತು ತೆಳು ಕಾಗದದಲ್ಲಿ ಸುತ್ತಿಟ್ಟ ಒಂದಿಷ್ಟು ಫಿಲ್ಮ್ ನೆಗೆಟಿವ್‌ಗಳು. ಕಳೆದ ವರ್ಷ ಖಾಲಾ ಆ ಡಬ್ಬಿಯನ್ನು ನಮ್ಮ ಕೈಗೆ ಕೊಟ್ಟು, "ಇದರಲ್ಲಿ ನಿನ್ನ ನಾನಿ ಇದ್ದಾರೆ ಬೇಟಾ, ಹೊರಗೆ ತೆಗಿ" ಎಂದರು.

ನಾನಿ ಕ್ಯಾಮೆರಾದ ಮುಂದೆ ನಿಂತವರಲ್ಲ. ತಸ್ವೀರು ತೆಗೆಸಬಾರದೆಂದು ಅವರ ಹಿರಿಯರು ಹೇಳಿದ್ದರು, ಅವರು ತೆಗೆಸಲಿಲ್ಲ, ಅಷ್ಟೆ. 1986ರಲ್ಲಿ ಹಜ್‌ಗೆ ಹೊರಟಾಗ ಪಾಸ್‌ಪೋರ್ಟಿಗೆ ಫೋಟೋ ಬೇಕೇ ಬೇಕಾಯಿತು. ಸ್ಟುಡಿಯೋಕ್ಕೆ ಹೋಗಲು ಒಪ್ಪದಿದ್ದಾಗ ಫೋಟೋಗ್ರಾಫರರೇ ಮನೆಗೆ ಬಂದರು. ಪಾಸ್‌ಪೋರ್ಟು ಮುಂದೆ ಎಲ್ಲೋ ಕಳೆಯಿತು, ಉಳಿದ ಪ್ರತಿಗಳು ಮನೆ ಬದಲಾಯಿಸುವಾಗ ಹೋದವು. ನಾನಿಯ ಮುಖ ಈ ಭೂಮಿಯ ಮೇಲೆ ಉಳಿದಿದ್ದುದು ಆ ಡಬ್ಬಿಯಲ್ಲಿ ಮಾತ್ರ, ಅದೂ ತಿರುಗುಮುರುಗಾಗಿ: ದುಪಟ್ಟಾದ ಬಿಳಿ ಕಪ್ಪಾಗಿ, ಕಣ್ಣಿನ ಕಪ್ಪು ಬಿಳಿಯಾಗಿ.

ಊರಿನ ಸ್ಟುಡಿಯೋಗಳಿಗೆ ಹೋದೆವು. ಕತ್ತಲೆ ಕೋಣೆ ಎಂಬುದು ಎಲ್ಲಿಯೂ ಉಳಿದಿಲ್ಲ. ಒಬ್ಬರು ತಮ್ಮ ಎನ್‌ಲಾರ್ಜರನ್ನು ಗುಜರಿಗೆ ಹಾಕಿ ಬಹಳ ವರ್ಷವಾಯಿತೆಂದರು. ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದರಿಂದ ಒಂದು ಫಿಲ್ಮ್ ಸ್ಕ್ಯಾನರ್ ಕೊಂಡು ತಂದೆವು. ವಿದ್ಯುತ್ ಕೊಟ್ಟ ಕೂಡಲೇ ಹಸಿರು ದೀಪ ಹತ್ತಿತು. ಒಳಗೆ ಮೋಟಾರು ಒಮ್ಮೆ ಗೊಣಗಿ, ತನ್ನ ಜಾಗ ಹುಡುಕಿಕೊಂಡು ಸುಮ್ಮನಾಯಿತು. ಇಪ್ಪತ್ತು ವರ್ಷದ ಹಿಂದಿನ ಯಂತ್ರ ಆರೋಗ್ಯವಾಗಿಯೇ ಇತ್ತು. ಅದನ್ನು ನಮ್ಮ ಹೊಸ ಕಂಪ್ಯೂಟರಿಗೆ ಜೋಡಿಸಿದೆವು. ಕಂಪ್ಯೂಟರ್ ಅದನ್ನು ಗುರುತಿಸಲಿಲ್ಲ. ಜೊತೆಗೆ ಬಂದ ಸಿ.ಡಿ.ಯ ಮೇಲೆ ಅಚ್ಚಾಗಿದ್ದ ಹೆಸರುಗಳು ಮೂರು: ವಿಂಡೋಸ್ 98, 2000, ಎಕ್ಸ್‌ಪಿ.

ಅಂದು ಶುರುವಾದ ನಮ್ಮ ಪಾಡು ಸುಮಾರು ಎರಡು ತಿಂಗಳು ನಡೆಯಿತು. ಅದರಲ್ಲಿ ಕಲಿತದ್ದನ್ನು ಓದುಗರ ಮುಂದಿಡಬೇಕೆನಿಸಿದೆ. ನಾವು ಕತೆ ಬರೆಯುವವರು, ಯಂತ್ರದವರಲ್ಲ. ಆದರೆ ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಕನ್ನಡದಲ್ಲಿ ಬರೆಯಲು ಹೊರಟವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಒಂದೇ ಮನೆಯ ಇಬ್ಬರು ಒಬ್ಬರಿಗೊಬ್ಬರು ಅರ್ಥವಾಗದೆ ಕೂತಿದ್ದಾರೆಂದರೆ ಅವರಲ್ಲಿ ಯಾರೂ ಮೂಕರಾಗಿರಬೇಕಿಲ್ಲ. ನಡುವಿನ ದುಭಾಷಿ ಎದ್ದು ಹೋಗಿದ್ದರೆ ಸಾಕು.

ಸರಪಳಿಯ ಕೊಂಡಿಗಳು

ಫಿಲ್ಮ್ ಸ್ಕ್ಯಾನರ್ ಕೆಲಸ ಮಾಡುವ ರೀತಿ ಸರಳ. ಕಾಗದದ ಸ್ಕ್ಯಾನರಿನಲ್ಲಿ ಬೆಳಕು ಹಾಳೆಗೆ ತಗಲಿ ಹಿಂದಿರುಗುತ್ತದೆ. ಇಲ್ಲಿ ಬೆಳಕು ಫಿಲ್ಮಿನ ಮೂಲಕ ಹಾದುಹೋಗಿ, ಮಸೂರ ದಾಟಿ, ಒಂದು ಸಂವೇದಕದ ಮೇಲೆ ಬೀಳುತ್ತದೆ. ಮೋಟಾರು ಗೆರೆಗೆರೆಯಾಗಿ ಮುಂದೆ ಸರಿಸುತ್ತದೆ. 35 ಮಿ.ಮೀ. ಫಿಲ್ಮಿನ ಒಂದು ಚಿತ್ರ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಒಂದು ಅಂಗುಲಕ್ಕೆ 4000 ಚುಕ್ಕೆಯಂತೆ ಓದಿದರೆ ಆ ಪುಟ್ಟ ಚೌಕದಿಂದ ಸುಮಾರು 2 ಕೋಟಿ 14 ಲಕ್ಷ ಚುಕ್ಕೆಗಳು ಹೊರಬರುತ್ತವೆ.

ಆ ಚುಕ್ಕೆಗಳು ನಮ್ಮ ಪರದೆಗೆ ಬರಬೇಕಾದರೆ ನಾಲ್ಕು ಕೊಂಡಿ ದಾಟಬೇಕು. ಮೊದಲನೆಯದು ತಂತಿ. ಎರಡನೆಯದು ಡ್ರೈವರ್ ಎಂಬ ಸಣ್ಣ ತಂತ್ರಾಂಶ, ಅಂದರೆ ಯಂತ್ರದ ಮಾತನ್ನು ಕಂಪ್ಯೂಟರಿಗೆ ತಿಳಿಹೇಳುವ ದುಭಾಷಿ. ಮೂರನೆಯದು ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ. ನಾಲ್ಕನೆಯದು ನಾವು ಗುಂಡಿ ಒತ್ತುವ ಸ್ಕ್ಯಾನಿಂಗ್ ತಂತ್ರಾಂಶ. ಇವುಗಳಲ್ಲಿ ಯಾವುದು ಕಳಚಿದರೂ ಮೊದಲು ಹೆಸರು ಕೆಡುವುದು ಯಂತ್ರದ್ದೇ. "ಹಳೆಯದಾಯಿತು, ಬಿಸಾಕಿ" ಎಂಬ ಮಾತು ಸಿದ್ಧವಾಗಿರುತ್ತದೆ.

ನಮ್ಮ ಯಂತ್ರದ ಕಂಪೆನಿಯ ಹೆಸರು ಇಲ್ಲಿ ಬೇಡ. ಎಲ್ಲರಿಗೂ ತಿಳಿದಿರುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಜಪಾನಿನ ನಿಕಾನ್ ಕಂಪೆನಿಯ ಕೂಲ್‌ಸ್ಕ್ಯಾನ್ ಸರಣಿ ಈ ಕ್ಷೇತ್ರದಲ್ಲಿ ದೊಡ್ಡ ಹೆಸರು. ಬಿಸಿಯಾಗುವ ದೀಪದ ಬದಲು ಎಲ್‌ಇಡಿ ಬಳಸಿದ ಯಂತ್ರಗಳು ಅವು. ಸರಣಿಯ ಕೊನೆಯ ಮಾದರಿಗಳಾದ ಕೂಲ್‌ಸ್ಕ್ಯಾನ್ 5, 5000 ಮತ್ತು 9000 ಸುಮಾರು 2003–04ರಲ್ಲಿ ಬಂದವು. ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಯನ್ನು ಆವರಿಸಿದಂತೆ ಮುಂದೆ ಇವುಗಳ ತಯಾರಿಕೆಯೇ ನಿಂತಿತು. ಜೊತೆಗೆ ಕೊಡುತ್ತಿದ್ದ ನಿಕಾನ್ ಸ್ಕ್ಯಾನ್ ತಂತ್ರಾಂಶದ ವಿಂಡೋಸ್ ಆವೃತ್ತಿ 4.0.3ಕ್ಕೆ ಬಂದು, 32 ಬಿಟ್‌ನ ವಿಸ್ತಾದವರೆಗೆ ನಡೆದು ನಿಂತುಬಿಟ್ಟಿತು. ಮಿನೋಲ್ಟಾದ ಡೈಮೇಜ್ ಸ್ಕ್ಯಾನರ್‌ಗಳದ್ದೂ ಇಂಥದೇ ಕತೆ. ಕೊನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮೆರಾ ವ್ಯಾಪಾರದಿಂದಲೇ ಹೊರನಡೆಯಿತು.

ತಂತಿಯ ಕತೆ ಬೇರೆ. 1990ರ ದಶಕದ ಉತ್ತಮ ಸ್ಕ್ಯಾನರ್‌ಗಳು ಸ್ಕಸಿ ಎಂಬ ದಪ್ಪ ಕೇಬಲ್ಲಿನಲ್ಲಿ ಮಾತಾಡುತ್ತಿದ್ದವು. ಅದರ ಕಾರ್ಡು ಕೂರುವ ಜಾಗವೇ ಇಂದಿನ ಲ್ಯಾಪ್‌ಟಾಪಿನಲ್ಲಿಲ್ಲ. ಆಮೇಲೆ ಫೈರ್‌ವೈರ್ ಬಂತು. ನಿಕಾನ್‌ನ 4000, 8000, 9000 ಮಾದರಿಗಳು ಅದನ್ನೇ ನೆಚ್ಚಿಕೊಂಡಿದ್ದವು. ಆಪಲ್ ಕಂಪ್ಯೂಟರುಗಳಲ್ಲಿ ಒಂದರ ಬಾಲಕ್ಕೆ ಇನ್ನೊಂದು ಅಡಾಪ್ಟರ್ ಸಿಕ್ಕಿಸಿ ಬಹಳ ಜನ ಇವನ್ನು ಈಚಿನವರೆಗೂ ನಡೆಸಿದರು. 2025ರಲ್ಲಿ ಬಂದ ಮ್ಯಾಕ್ ಓಎಸ್ ಟಾಹೋ ಫೈರ್‌ವೈರ್‌ಗೆ ಬೆಂಬಲವನ್ನೇ ಕೈಬಿಟ್ಟಿತು. ಯುಎಸ್‌ಬಿ ತಂತಿಯ ಯಂತ್ರ ಕೊಂಡವರು ಅದೃಷ್ಟವಂತರು. ಆ ಕಿಂಡಿ ಇನ್ನೂ ತೆರೆದೇ ಇದೆ.

ರಶೀದ್ ಊರಿನ ಕಲ್ಲು

ಇಲ್ಲೊಂದು ಸ್ವಾರಸ್ಯವಿದೆ. ಈಜಿಪ್ಟಿನಲ್ಲಿ ನೈಲ್ ನದಿ ಸಮುದ್ರ ಸೇರುವ ಕಡೆ ರಶೀದ್ ಎಂಬ ಊರಿದೆ. ಯುರೋಪಿಯನ್ನರ ಬಾಯಲ್ಲಿ ಅದು ರೊಸೆಟಾ. 1799ರಲ್ಲಿ ನೆಪೋಲಿಯನ್ನನ ಸೈನಿಕರಿಗೆ ಅಲ್ಲಿ ಸಿಕ್ಕ ಕಲ್ಲಿನ ಮೇಲೆ ಒಂದೇ ಆಜ್ಞೆಯನ್ನು ಮೂರು ಲಿಪಿಗಳಲ್ಲಿ ಕೆತ್ತಲಾಗಿತ್ತು. ಅದರಲ್ಲಿದ್ದ ಗ್ರೀಕ್ ಪಠ್ಯದ ಆಸರೆಯಿಂದ ಈಜಿಪ್ಟಿನ ಚಿತ್ರಲಿಪಿ ಓದಲು ಬಂತು. ನೂರಾರು ವರ್ಷ ಮೂಕವಾಗಿದ್ದ ಗೋಡೆಗಳು ಮಾತಾಡಿದವು.

ಆಪಲ್ ಕಂಪೆನಿ 2006ರಲ್ಲಿ ತನ್ನ ಕಂಪ್ಯೂಟರುಗಳ ಚಿಪ್ಪನ್ನು ಬದಲಾಯಿಸಿದಾಗ, ಹಳೆಯ ಚಿಪ್ಪಿಗೆಂದು ಬರೆದ ತಂತ್ರಾಂಶಗಳನ್ನು ಹೊಸದರಲ್ಲಿ ಓಡಿಸಲು ಒಂದು ದುಭಾಷಿಯನ್ನು ಇಟ್ಟಿತು. ಅದಕ್ಕೆ ಕೊಟ್ಟ ಹೆಸರು ರೊಸೆಟಾ. ಐದೇ ವರ್ಷದಲ್ಲಿ, 2011ರ ಲಯನ್ ಆವೃತ್ತಿಯಲ್ಲಿ, ಅದನ್ನು ತೆಗೆದುಹಾಕಿತು. ಅದರ ಹೆಗಲ ಮೇಲೆ ಕೂತಿದ್ದ ತಂತ್ರಾಂಶಗಳೆಲ್ಲ ಅಂದೇ ಬಿದ್ದವು. 2019ರ ಕ್ಯಾಟಲಿನಾ ಬಂದಾಗ 32 ಬಿಟ್‌ನ ತಂತ್ರಾಂಶಗಳ ಸರದಿ. 2020ರಲ್ಲಿ ಮತ್ತೆ ಚಿಪ್ಪು ಬದಲಾಯಿತು, ಮತ್ತೊಬ್ಬ ದುಭಾಷಿ ಬಂದ, ಅವನಿಗೂ ಅದೇ ಹೆಸರು. ಅವನ ನಿರ್ಗಮನವನ್ನೂ 2025ರಲ್ಲಿ ಸಾರಿಯಾಗಿದೆ. ಸುಮಾರು ಎರಡು ಸಾವಿರ ವರ್ಷದ ಬಳಿಕವೂ ಕೆಲಸಕ್ಕೆ ಬಂದ ಕಲ್ಲಿನ ಹೆಸರನ್ನು ಐದು ವರ್ಷ ಬಾಳುವ ವಸ್ತುವಿಗೆ ಇಡುವುದರಲ್ಲಿ ಎಂಥ ನಿರ್ಲಕ್ಷ್ಯವಿದೆ ಎಂಬುದನ್ನು ಓದುಗರೇ ಯೋಚಿಸಲಿ.

ವಿಂಡೋಸ್‌ನ ಕತೆ ಇನ್ನಷ್ಟು ಕುತೂಹಲದ್ದು. ಅದರ 64 ಬಿಟ್ ಆವೃತ್ತಿಯಲ್ಲಿ 32 ಬಿಟ್‌ನ ಸಾಮಾನ್ಯ ತಂತ್ರಾಂಶಗಳು ಓಡುತ್ತವೆ. ಡ್ರೈವರ್ ಮಾತ್ರ 64 ಬಿಟ್‌ನದೇ ಆಗಿರಬೇಕು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್ ರೂಪವೇ ಇಲ್ಲ. ಹಾಗಾಗಿ ಹಳೆಯ ನಿಕಾನ್ ಸ್ಕ್ಯಾನ್ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲೂ ತೆರೆದುಕೊಳ್ಳಬಲ್ಲದು, ಆದರೆ ಪಕ್ಕದಲ್ಲೇ ಕೂತ ಸ್ಕ್ಯಾನರ್ ಅದಕ್ಕೆ ಕಾಣುವುದಿಲ್ಲ.

ಬಳಕೆದಾರರು ಇದರ ಬೆನ್ನು ಹತ್ತಿ ಹುಡುಕಿದಾಗ ಏನು ಸಿಕ್ಕಿತು? ಯಾವ ಸಾಧನಕ್ಕೆ ಯಾವ ಡ್ರೈವರ್ ಎಂದು ವಿಂಡೋಸ್‌ಗೆ ತಿಳಿಸುವ ಒಂದು ಪುಟ್ಟ ಪಠ್ಯ ಕಡತವಿರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಯಾರು ಬೇಕಾದರೂ ಓದಬಹುದು. ನಿಕಾನ್‌ನ ಯುಎಸ್‌ಬಿ ಸ್ಕ್ಯಾನರ್‌ಗಳಿಗೆ ಬೇಕಾದ ನಿಜವಾದ ಡ್ರೈವರ್ 64 ಬಿಟ್ ವಿಂಡೋಸ್‌ನ ಹೊಟ್ಟೆಯಲ್ಲಿ ಮೊದಲಿನಿಂದಲೂ ಇತ್ತು. ಈ ಯಂತ್ರಕ್ಕೆ ಅದನ್ನು ಬಳಸು ಎಂದು ಹೇಳುವ ಕೆಲವು ಸಾಲುಗಳು ಆ ಕಡತದಲ್ಲಿ ಇರಲಿಲ್ಲ. ಕೊರತೆ ಇದ್ದದ್ದು ಅಷ್ಟೇ. ಲಕ್ಷ ರೂಪಾಯಿಯ ಯಂತ್ರಗಳು ಮೂಲೆ ಸೇರಿದ್ದು ಕೆಲವು ಸಾಲುಗಳ ಕೊರತೆಯಿಂದ. ನಮ್ಮ ಯಂತ್ರದಲ್ಲೂ ಕಂಡದ್ದು ಇದೇ ಬಗೆಯ ತೊಡಕು.

ಆ ಸಾಲುಗಳನ್ನು ಸೇರಿಸಿದ್ದು ಇಂಜಿನಿಯರಿಂಗ್ ಓದುತ್ತಿರುವ ನಮ್ಮ ತಂಗಿಯ ಮಗ. ಕಡತ ತಿದ್ದಿದ ಕೂಡಲೇ ಅದರ ಮೇಲಿನ ಕಂಪೆನಿಯ ಡಿಜಿಟಲ್ ಸಹಿ ಅಸಿಂಧುವಾಗುತ್ತದೆ. ಸಹಿ ಇಲ್ಲದ ಡ್ರೈವರನ್ನು ವಿಂಡೋಸ್ ಬಾಗಿಲಲ್ಲೇ ತಡೆಯುತ್ತದೆ. ಆದ್ದರಿಂದ ಕಂಪ್ಯೂಟರನ್ನು ವಿಶೇಷ ರೀತಿಯಲ್ಲಿ ಮತ್ತೆ ಆರಂಭಿಸಿ, ಆ ಒಂದು ಸಲದ ಮಟ್ಟಿಗೆ ಸಹಿ ಪರೀಕ್ಷೆಯನ್ನು ನಿಲ್ಲಿಸಬೇಕು. ಮುಂದಿನ ಸಲ ಆರಂಭವಾಗುವಾಗ ಕಾವಲು ತಾನಾಗಿ ಮರಳುತ್ತದೆ. "ಮಾಮೂ, ಕಾವಲು ಇರುವುದು ಕಳ್ಳರಿಗಾಗಿ. ಎಲ್ಲಿಂದಲೋ ಸಿಕ್ಕ ಕಡತಕ್ಕೆಲ್ಲ ಹೀಗೆ ಬಾಗಿಲು ತೆಗೆಯಬೇಡಿ" ಎಂದು ಹುಡುಗ ಎಚ್ಚರಿಸಿದ. ಅವನ ಮಾತು ಸರಿ. ಆದರೆ ಮನೆಯವರೇ ಕಿಟಕಿಯಿಂದ ಒಳಬರಬೇಕಾದ ಸ್ಥಿತಿ ತಂದವರು ಯಾರು ಎಂಬ ಪ್ರಶ್ನೆಯೂ ಸರಿಯೇ ಅಲ್ಲವೆ?

ನಾಲ್ವರು ದುಭಾಷಿಗಳು

ಅನುವಾದಗಳನ್ನು ತೂಗಿ ನೋಡುವುದು ನಮಗೆ ರೂಢಿಯಾದ ಕೆಲಸ. ಅದೇ ಕಣ್ಣಿನಿಂದ ಹಳೆಯ ಸ್ಕ್ಯಾನರ್‌ಗಳ ಮಾತನ್ನು ತರ್ಜುಮೆ ಮಾಡುವ ನಾಲ್ಕು ದಾರಿಗಳನ್ನು ಇಲ್ಲಿ ನೋಡುತ್ತೇವೆ.

ಮೊದಲನೆಯದು ತಯಾರಕರದೇ ತಂತ್ರಾಂಶ. ಯಂತ್ರದ ಸ್ವಭಾವ ಇದಕ್ಕೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಬಣ್ಣದ ನೆಗೆಟಿವ್‌ನ ಕಿತ್ತಳೆ ಛಾಯೆಯನ್ನು ತೆಗೆದು ಚರ್ಮದ ಬಣ್ಣವನ್ನು ಸರಿಯಾಗಿ ಕೊಡುವಲ್ಲಿ ನಿಕಾನ್ ಸ್ಕ್ಯಾನನ್ನು ಇಂದಿಗೂ ನೆನೆಯುವವರಿದ್ದಾರೆ. ಮೂಲದ ದನಿ ಬೇಕೆನ್ನುವವರು ಹಳೆಯ ಎಕ್ಸ್‌ಪಿ ಕಂಪ್ಯೂಟರೊಂದನ್ನು ಇದಕ್ಕೆಂದೇ ಕಾದಿಡುತ್ತಾರೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲಿ, ಆದ್ದರಿಂದ ಅದನ್ನು ಇಂಟರ್‌ನೆಟ್ಟಿಗೆ ಜೋಡಿಸದಿರುವುದು ಕ್ಷೇಮ. ಹೊಸ ಕಂಪ್ಯೂಟರಿನೊಳಗೇ ಎಕ್ಸ್‌ಪಿಯನ್ನು ಬಾಡಿಗೆದಾರನಂತೆ ಇರಿಸುವ ವರ್ಚುವಲ್ ಯಂತ್ರದ ಉಪಾಯವೂ ಇದೆ. ಯುಎಸ್‌ಬಿ ಯಂತ್ರಗಳಿಗೆ ಅದು ಒದಗಬಹುದು. ಫೈರ್‌ವೈರ್‌ನವರಿಗೆ ಆ ದಾರಿ ಮುಚ್ಚಿದೆ ಎಂದೇ ತಿಳಿಯಬೇಕು.

ಎರಡನೆಯದು ವ್ಯೂಸ್ಕ್ಯಾನ್. ಅಮೆರಿಕದ ಎಡ್ ಹ್ಯಾಮ್ರಿಕ್ 1998ರಿಂದ ಬರೆಯುತ್ತ ಬಂದದ್ದು, ಈಗ ಮಗನೂ ಕೈಜೋಡಿಸಿದ್ದಾರೆ. ಕಂಪೆನಿಗಳು ಬಿಟ್ಟುಹೋದ ಯಂತ್ರಗಳ ಮಾತನ್ನು ಬಿಡಿಸಿ ಬಿಡಿಸಿ ಓದಿ, ಏಳು ಸಾವಿರಕ್ಕೂ ಹೆಚ್ಚು ಸ್ಕ್ಯಾನರ್‌ಗಳಿಗೆ ದುಭಾಷಿಯಾಗಿದ್ದೇವೆ ಎನ್ನುತ್ತಾರೆ. ಒಂದೇ ಮನೆತನ ಇಷ್ಟು ದೊಡ್ಡ ಗ್ರಂಥಾಲಯ ಕಾಯುತ್ತಿರುವುದು ಸಣ್ಣ ಮಾತಲ್ಲ. ಆದರೆ ಈ ದುಭಾಷಿಗೆ ತನ್ನದೇ ಉಚ್ಚಾರಣೆ ಇದೆ. ಬಣ್ಣಗಳು ತಯಾರಕರ ತಂತ್ರಾಂಶದ ಹಾಗೆ ಬರುವುದಿಲ್ಲ, ಆಯ್ಕೆಗಳ ಪಟ್ಟಿ ಮೊದಲ ದಿನ ದಿಗಿಲು ಹುಟ್ಟಿಸುತ್ತದೆ. ದುಡ್ಡೂ ಕೊಡಬೇಕು. ಇಷ್ಟಾದರೂ ಇದು ಕೈ ಬಿಡುವುದಿಲ್ಲ, ಅದೇ ಇದರ ದೊಡ್ಡ ಗುಣ.

ಮೂರನೆಯದು ಜರ್ಮನಿಯ ಕೀಲ್ ನಗರದ ಲೇಸರ್‌ಸಾಫ್ಟ್ ಸಂಸ್ಥೆಯ ಸಿಲ್ವರ್‌ಫಾಸ್ಟ್. ಇದು ಆಸ್ಥಾನ ಪಂಡಿತರ ಶೈಲಿ. ಬಣ್ಣಗಳ ಪ್ರಮಾಣಪಟ್ಟಿ ಇಟ್ಟು ಯಂತ್ರವನ್ನು ತಿದ್ದುವ ಶಿಸ್ತು ಇದರಲ್ಲಿದೆ, ಫಲವೂ ಚೆನ್ನ. ಆದರೆ ಪರವಾನಗಿ ಸ್ಕ್ಯಾನರಿನ ಮಾದರಿಗೆ ಕಟ್ಟಿಬಿದ್ದಿದೆ. ಯಂತ್ರ ಬದಲಾದರೆ ಪಂಡಿತರಿಗೆ ಮತ್ತೆ ದಕ್ಷಿಣೆ.

ನಾಲ್ಕನೆಯದು ಸೇನ್, ಅಂದರೆ ಲಿನಕ್ಸ್ ಬಳಗದ ಸ್ವಯಂಸೇವಕರ ಮುಕ್ತ ಡ್ರೈವರ್‌ಗಳ ಕಣಜ. ಅದರಲ್ಲಿ ಕೂಲ್‌ಸ್ಕ್ಯಾನ್‌ಗೆಂದೇ ಬರೆದ ಭಾಗವಿದೆ. ಬೆಲೆ ಇಲ್ಲ, ಬೀಗ ಇಲ್ಲ, ಬರೆದದ್ದನ್ನು ಯಾರೂ ಓದಿ ತಿದ್ದಬಹುದು. ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಆದರೆ ಇದು ಹಳ್ಳಿ ಮೇಷ್ಟರ ಹಾಗೆ, ವಿದ್ಯೆ ಕೊಡುತ್ತದೆ, ಅಲಂಕಾರ ಕೊಡುವುದಿಲ್ಲ. ಕಚ್ಚಾ ಚಿತ್ರ ಕೈಗಿಡುತ್ತದೆ, ಧೂಳು ಒರೆಸಿ ಬಣ್ಣ ಕೂಡಿಸುವ ಕೆಲಸ ನಮ್ಮದು.

ನಮ್ಮ ತೀರ್ಮಾನ ಹೀಗೆ: ಇಂದಿನ ಅನುಕೂಲಕ್ಕೆ ಎರಡನೆಯದು, ನಾಳೆಯ ಭರವಸೆಗೆ ನಾಲ್ಕನೆಯದು. ಯಾಕೆಂದರೆ ಮೊದಲ ಮೂರೂ ಬೇರೆಯವರ ಜೇಬಿನಲ್ಲಿರುವ ಕೀಲಿಕೈಗಳು. ಅವರು ಒಳ್ಳೆಯವರಿರಬಹುದು. ಆದರೂ ಅಂಗಡಿ ಮುಚ್ಚುವ ದಿನ ಎಲ್ಲರಿಗೂ ಬರುತ್ತದೆ.

ಚಾದರದ ಅಂಚು

ಇನ್ನು ನಾನಿಯ ಚಿತ್ರ. ಡ್ರೈವರ್ ಕೂತ ದಿನ ನಾವು ಗೆದ್ದೆವೆಂದುಕೊಂಡು ತಯಾರಕರ ತಂತ್ರಾಂಶದಲ್ಲಿ ಧೂಳು ತೆಗೆಯುವ ಸೌಲಭ್ಯವನ್ನೂ ಹಾಕಿ ಗುಂಡಿ ಒತ್ತಿದೆವು. ಪರದೆಯ ಮೇಲೆ ಬಂದ ಮುಖ ನೀರಿನಲ್ಲಿ ನೆನೆದ ಕಾಗದದಂತಿತ್ತು. ಹುಬ್ಬು ಹರಡಿಕೊಂಡಿತ್ತು, ಗಲ್ಲದ ಗೆರೆ ಕರಗಿತ್ತು. ಖಾಲಾ ನೋಡಿ, "ಇವರು ಅಮ್ಮಾ ಅಲ್ಲ" ಎಂದು ಮುಖ ತಿರುಗಿಸಿದರು.

ತಪ್ಪು ನಮ್ಮದೇ. ಈ ಧೂಳು ತೆಗೆಯುವ ವಿದ್ಯೆ ನಡೆಯುವುದು ಅತಿಗೆಂಪು ಬೆಳಕಿನಿಂದ. ಬಣ್ಣದ ಫಿಲ್ಮಿನಲ್ಲಿ ಚಿತ್ರ ಇರುವುದು ವರ್ಣದ್ರವ್ಯದಲ್ಲಿ, ಅತಿಗೆಂಪು ಅದನ್ನು ಸಲೀಸಾಗಿ ದಾಟುತ್ತದೆ. ದಾಟದೆ ತಡೆದದ್ದೆಲ್ಲ ಧೂಳು ಅಥವಾ ಗೀರು ಎಂದು ಯಂತ್ರ ತಿಳಿದು ಆ ಜಾಗವನ್ನು ಅಕ್ಕಪಕ್ಕದ ಚುಕ್ಕೆಗಳಿಂದ ತುಂಬುತ್ತದೆ. ಸಾಂಪ್ರದಾಯಿಕ ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರ ಇರುವುದೇ ಬೆಳ್ಳಿಯ ಕಣಗಳಲ್ಲಿ. ಬೆಳ್ಳಿ ಅತಿಗೆಂಪನ್ನೂ ತಡೆಯುತ್ತದೆ. ಹೀಗಾಗಿ ಯಂತ್ರ ನಮ್ಮ ನಾನಿಯನ್ನೇ ಧೂಳೆಂದು ತಿಳಿದು ಒರೆಸತೊಡಗಿತ್ತು.

ಸೌಲಭ್ಯವನ್ನು ಆರಿಸಿ ಮತ್ತೆ ಸ್ಕ್ಯಾನ್ ಮಾಡಿದೆವು. ಈ ಸಲ ಧೂಳಿತ್ತು, ಕೆನ್ನೆಯ ಮೇಲೆ ಉದ್ದನೆಯ ಗೀರಿತ್ತು, ಆದರೆ ಮುಖ ಮುಖವಾಗಿತ್ತು. ಪಾಸ್‌ಪೋರ್ಟಿನ ಪ್ರತಿಯಲ್ಲಿ ಮುಖದಷ್ಟನ್ನು ಮಾತ್ರ ಕತ್ತರಿಸಿಕೊಂಡಿದ್ದರು. ನೆಗೆಟಿವ್‌ನಲ್ಲಿ ಇಡೀ ಚೌಕ ಇತ್ತು. ನಾನಿಯ ಹಿಂದೆ ಬಿಳಿಯ ಹಿನ್ನೆಲೆಗಾಗಿ ಒಂದು ಚಾದರ ಹಿಡಿದಿದ್ದರು. ಚಾದರದ ಎರಡೂ ಅಂಚಿನಲ್ಲಿ ಬೆರಳುಗಳು ಕಾಣುತ್ತಿದ್ದವು. ಹಿಡಿದವರು ಚೌಕದ ಹೊರಗೆ. ಖಾಲಾ ಬಹಳ ಹೊತ್ತು ನೋಡಿದರು. "ಈ ಕಡೆಯದು ನನ್ನ ಕೈ. ಆ ಕಡೆಯದು ನಿನ್ನ ಅಮ್ಮಿ. ಕೈ ಸೋತು ಹೋಯಿತು, ಬೇಗ ತೆಗೀರಿ ಅಂತ ನಗ್ತಾ ಇದ್ದಳು" ಎಂದರು. ಅಮ್ಮಿ ತೀರಿಕೊಂಡು ಇಪ್ಪತ್ತು ವರ್ಷವಾಯಿತು.

ಗೀರನ್ನು ಕೈಯಿಂದ, ಚುಕ್ಕೆ ಚುಕ್ಕೆಯಾಗಿ ತಿದ್ದಲು ಮೂರು ಸಂಜೆ ಬೇಕಾಯಿತು.

ಎದುರು ಮಾತುಗಳು

ಇಷ್ಟೆಲ್ಲ ಯಾಕೆ, ಡಿಜಿಟಲ್ ಕ್ಯಾಮೆರಾಕ್ಕೆ ಮ್ಯಾಕ್ರೋ ಲೆನ್ಸ್ ಹಾಕಿ, ಹಿಂದೆ ಬಿಳಿ ಬೆಳಕಿನ ಹಲಗೆ ಇಟ್ಟು ನೆಗೆಟಿವ್‌ನ ಫೋಟೋ ತೆಗೆದರೆ ಸಾಲದೆ ಎಂದು ಕೇಳುವವರಿದ್ದಾರೆ. ಸಾಲುತ್ತದೆ, ಎಷ್ಟೋ ಕೆಲಸಕ್ಕೆ. ಕಪ್ಪು ಬಿಳುಪು ಫಿಲ್ಮಿಗೆ ಅತಿಗೆಂಪು ಹೇಗೂ ಒದಗದಿರುವುದರಿಂದ ಅಲ್ಲಿ ನಷ್ಟ ಇನ್ನೂ ಕಡಿಮೆ. ಪ್ಲಸ್‌ಟೆಕ್‌ನಂಥ ಕಂಪೆನಿಗಳು ಹೊಸ ಫಿಲ್ಮ್ ಸ್ಕ್ಯಾನರನ್ನೂ ಮಾರುತ್ತಿವೆ. ಹಳೆಯ ಯಂತ್ರವೇ ಶ್ರೇಷ್ಠ ಎಂಬ ವ್ಯಾಮೋಹ ನಮಗಿಲ್ಲ. ಆದರೆ ಬಣ್ಣದ ನೆಗೆಟಿವ್‌ಗಳು ನೂರಾರು ಇದ್ದಾಗ, ಧೂಳನ್ನು ತಾನೇ ಗುರುತಿಸುವ ಯಂತ್ರಕ್ಕೂ ಕೈಯಿಂದ ಒರೆಸುವ ಕೆಲಸಕ್ಕೂ ಇರುವ ಅಂತರ ತಿಂಗಳುಗಳದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಕೆಟ್ಟಿಲ್ಲದ ವಸ್ತುವನ್ನು ಎಸೆಯಬೇಕೇಕೆ ಎಂಬ ಪ್ರಶ್ನೆಗೆ "ಬೇರೆಯದು ಸಿಗುತ್ತದೆ" ಎಂಬುದು ಉತ್ತರವಾಗದು.

ಕಂಪೆನಿಯವರ ವಾದಕ್ಕೂ ಕಿವಿಗೊಡಬೇಕು. ಯಾವ ವ್ಯಾಪಾರಿಯೂ ಮಾರಿದ ವಸ್ತುವಿಗೆ ಕಲ್ಪಾಂತರದವರೆಗೆ ಡ್ರೈವರ್ ಬರೆಯುತ್ತ ಕೂರಲಾರ. ಒಪ್ಪೋಣ. ತಯಾರಿಕೆ ನಿಲ್ಲಿಸುವ ಹಕ್ಕು ಅವರದು, ಬೆಂಬಲ ನಿಲ್ಲಿಸುವ ಹಕ್ಕೂ ಅವರದು. ಆದರೆ ಹೊರಡುವಾಗ ಬೀಗ ಹಾಕಿ ಕೀಲಿಕೈಯನ್ನು ಕೆರೆಗೆ ಎಸೆಯುವ ಹಕ್ಕು ಯಾರದೂ ಅಲ್ಲ. ಈ ಯಂತ್ರ ಯಾವ ಆಜ್ಞೆಗೆ ಯಾವ ಉತ್ತರ ಕೊಡುತ್ತದೆ ಎಂಬ ವಿವರಣೆಯನ್ನು ಪ್ರಕಟಿಸಿ ಹೊರಟರೆ ಸಾಕು. ಬರೆಯುವವರು ಬರೆದುಕೊಳ್ಳುತ್ತಾರೆ. ಅದರಿಂದ ಅವರಿಗೆ ಹೋಗುವುದೇನು? ಆ ವ್ಯಾಪಾರವನ್ನೇ ಅವರು ಬಿಟ್ಟಾಗಿದೆಯಲ್ಲ.

ನಮ್ಮ ದೇಶದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಪೋರ್ಟಲ್ ಆರಂಭಿಸಿತು. ಹೊಸ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಗೆ ಬಂದಿವೆ. ಯುರೋಪಿನ ಒಕ್ಕೂಟ 2024ರಲ್ಲಿ ದುರಸ್ತಿಯ ಹಕ್ಕಿನ ನಿರ್ದೇಶನವನ್ನು ಅಂಗೀಕರಿಸಿದೆ. ಒಳ್ಳೆಯದೇ. ಆದರೆ ದುರಸ್ತಿ ಎಂದ ಕೂಡಲೇ ಎಲ್ಲರ ಕಣ್ಣು ಬಿಡಿಭಾಗದ ಕಡೆ ಹೋಗುತ್ತದೆ. ತಿರುಪು ಸಡಿಲವಾಗದ, ಗೇರು ಸವೆಯದ, ಕೆಲವು ಸಾಲುಗಳಿಲ್ಲದೆ ಸುಮ್ಮನಾದ ಯಂತ್ರವನ್ನು ಯಾವ ಮೆಕ್ಯಾನಿಕ್ಕಿನ ಬಳಿ ಒಯ್ಯುವುದು? 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ ನಿಂತಿತು. ಸ್ಕ್ಯಾನರ್‌ಗಳಿಗೆ ಬಂದದ್ದು ಈಗ ಸುಸ್ಥಿತಿಯಲ್ಲಿರುವ ಕಂಪ್ಯೂಟರುಗಳ ಬಾಗಿಲಿಗೂ ಬಂದಿದೆ.

ನಮ್ಮದೇ ಪಾಲು

ಇತರರನ್ನು ದೂರಿ ಸುಮ್ಮನಾಗುವ ಹಾಗಿಲ್ಲ. ಇದೇ ರೋಗ ನಮ್ಮ ಬರಹದ ಮನೆಯಲ್ಲೂ ಇದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದಲ್ಲಿ ಟೈಪು ಮಾಡಿಟ್ಟ ಎಷ್ಟೋ ಕಡತಗಳು ಇಂದು ತೆರೆದರೆ ಇಂಗ್ಲಿಷ್ ಅಕ್ಷರಗಳ ಹುರಿಗಡಲೆಯಂತೆ ಕಾಣುತ್ತವೆ. ಅಂದಿನ ಫಾಂಟು ಇದ್ದರೆ ಮಾತ್ರ ಅವು ಕನ್ನಡ. ಉರ್ದುವಿನಲ್ಲಿ ಪುಟ ಕಟ್ಟಿದವರ ಅನುಭವವೂ ಬೇರೆಯಲ್ಲ. ನಮ್ಮ ಮೊದಲ ಸಂಕಲನದ ಮೂರು ಕತೆಗಳ ಹಸ್ತಪ್ರತಿ ಹೀಗೆಯೇ ಓದಲಾಗದೆ ಬಿದ್ದಿತ್ತು. ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆಯಾಗಿ ಹಂಚಿದ ಪರಿವರ್ತಕ ಅದನ್ನು ಉಳಿಸಿಕೊಟ್ಟಿತು. ಅಂಥ ಕೆಲಸ ಮಾಡುವ ಹುಡುಗರನ್ನು ನಮ್ಮ ಯಾವ ಸಾಹಿತ್ಯ ಸಮ್ಮೇಳನದಲ್ಲಾದರೂ ವೇದಿಕೆಗೆ ಕರೆದಿದ್ದೇವೆಯೆ?

ಇನ್ನು ಫಿಲ್ಮ್‌ಗಳ ಮಾತು. ಸಣ್ಣ ಊರುಗಳ ಸ್ಟುಡಿಯೋಗಳಲ್ಲಿ ನಲವತ್ತು ಐವತ್ತು ವರ್ಷಗಳ ನೆಗೆಟಿವ್‌ಗಳು ಇದ್ದವು. ಕಪ್ಪು ಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುವುದರಿಂದ ಅವನ್ನು ತೂಕಕ್ಕೆ ಕೊಂಡು ಕರಗಿಸುವವರಿದ್ದಾರೆ. ಬಣ್ಣದ ಫಿಲ್ಮಿನ ಬೆಳ್ಳಿ ಸಂಸ್ಕರಣೆಯಲ್ಲೇ ಹೊರಹೋಗಿರುತ್ತದೆ, ಅದಕ್ಕೆ ಬೆಲೆಯೂ ಇಲ್ಲ, ಕಸದ ಬುಟ್ಟಿಯೇ ಗತಿ. ವಂಶಾವಳಿ ಬರೆಸಿಟ್ಟ ಮನೆತನಗಳಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಬೀಡಿ ಕಟ್ಟಿದವರ, ಮಗ್ಗ ನೇಯ್ದವರ, ಜಟಕಾ ಹೊಡೆದವರ ಮನೆಗಳಿಗೆ ಸ್ಟುಡಿಯೋದ ಆ ಡಬ್ಬಿಗಳ ಹೊರತು ಬೇರೆ ಚರಿತ್ರೆ ಎಲ್ಲಿದೆ? ನೆರೆಯ ತಮಿಳುನಾಡಿನ ಹಳೆಯ ಸ್ಟುಡಿಯೋ ಚಿತ್ರಗಳನ್ನು ಪುದುಚೇರಿಯ ಫ್ರೆಂಚ್ ಸಂಸ್ಥೆ ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಡಿಜಿಟಲೀಕರಿಸಿ ಉಳಿಸುವ ಕೆಲಸ ಮಾಡಿದೆ. ದೂರದವರ ಹಣದಿಂದ ಆದ ಕೆಲಸವನ್ನು ಹತ್ತಿರದವರು ಮನಸ್ಸಿಟ್ಟರೆ ಮಾಡಲಾಗದೆ?

ಎಲ್ಲರೂ ಸ್ಕ್ಯಾನರ್ ಕೊಳ್ಳಿ ಎಂದು ನಾವು ಹೇಳುವುದಿಲ್ಲ. ಒಂದು ತಾಲ್ಲೂಕಿಗೆ ಒಂದು ಸಾಕು. ಕಾಲೇಜಿನ ಗ್ರಂಥಾಲಯದಲ್ಲೋ, ಜಮಾತಿನ ಕಚೇರಿಯಲ್ಲೋ, ಸಂಘದ ಕೋಣೆಯಲ್ಲೋ ಒಂದು ಹಳೆಯ ಸ್ಕ್ಯಾನರ್, ಅದರ ಜೊತೆ ಲಿನಕ್ಸ್ ಹಾಕಿದ ಒಂದು ಹಳೆಯ ಕಂಪ್ಯೂಟರ್, ಅದನ್ನು ನಡೆಸಬಲ್ಲ ಇಬ್ಬರು ಹುಡುಗ ಹುಡುಗಿಯರು. ಸ್ಕ್ಯಾನ್ ಮಾಡಿದ ಮೇಲೂ ನೆಗೆಟಿವ್‌ಗಳನ್ನು ಎಸೆಯಬೇಡಿ. ತಂಪಾದ, ಒಣ ಜಾಗದಲ್ಲಿಡಿ. ಪರದೆಯ ಮೇಲಿನ ಚಿತ್ರಕ್ಕೆ ನಾಳೆ ಇನ್ನೊಬ್ಬ ದುಭಾಷಿ ಬೇಕಾಗುತ್ತಾನೆ. ನೆಗೆಟಿವ್‌ಗೆ ಬೇಕಾದದ್ದು ಕಿಟಕಿಯ ಬೆಳಕು.

ಖಾಲಾ ಅವರಿಗೆ ಆ ಚಿತ್ರದ ದೊಡ್ಡ ಪ್ರತಿ ಮಾಡಿಸಿ ಕೊಟ್ಟೆವು. ಮುಖದಷ್ಟೇ ಸಾಕೇ, ಇಡೀ ಚೌಕ ಬೇಕೇ ಎಂದು ಅಂಗಡಿಯ ಹುಡುಗ ಕೇಳಿದ್ದ. ಇಡೀ ಚೌಕವೇ ಇರಲಿ ಎಂದೆವು. ಗೋಡೆಗೆ ತೂಗುಹಾಕಲು ಖಾಲಾ ಈಗಲೂ ಒಪ್ಪಿಲ್ಲ. ಬಿಸ್ಕತ್ತಿನ ಡಬ್ಬಿಯೊಳಗೆ, ನೆಗೆಟಿವ್‌ನ ಪಕ್ಕದಲ್ಲೇ, ಇಟ್ಟುಕೊಂಡಿದ್ದಾರೆ.